ಬರತೇನಿ, ಓವರ್

ನಮ್ಮ ಮನೆಯ ಗೇಟಿನ ಚಿಲಕದ ಬಗ್ಗೆ ಹುಬ್ಬಳ್ಳಿಯ ದೇಶಪಾಂಡೆ ನಗರದ ನಮ್ಮ ಓಣಿಯಲ್ಲಿ ಎರಡು ಅಭಿಪ್ರಾಯಗಳಿವೆ. ಮುದುಕಿಗೆ ಮರೆವು ಹತ್ತಿದೆ ಎಂಬುದು ಒಂದು. ಮುದುಕಿಗೆ ಸೊಕ್ಕು, ಕರ್ನಲ್ ಸಾಹೇಬರ ಮನೆಗೆ ನುಗ್ಗುವ ಧೈರ್ಯ ಯಾವ ಕಳ್ಳನಿಗಿದೆ ಅಂದುಕೊಂಡಿದ್ದಾಳೆ ಎಂಬುದು ಇನ್ನೊಂದು. ಎರಡೂ ಖರೆಯಲ್ಲ. ಚಿಲಕ ಹಾಕಬೇಕೋ ಬೇಡವೋ ಎಂದು ನಿರ್ಧರಿಸುವುದು ಒಂದು ವರ್ಷ ನನಗೆ ಆಗಲಿಲ್ಲ, ಅಷ್ಟೇ.

ಕಳ್ಳರಂತೂ ಬಂದಿಲ್ಲ. ಒಂದು ಕಂದು ಆಕಳು ಬರುತ್ತಿತ್ತು. ಬೆಳಿಗ್ಗೆ ನಾನು ಚಹಾದ ಕಪ್ಪು ಹಿಡಿದು ಪಡಸಾಲೆಗೆ ಬರುವಷ್ಟರಲ್ಲಿ ಅದು ಒಳಗೆ ನಿಂತು, ದಾಸವಾಳದ ಗಿಡದ ಮುಂದೆ, ಬಫೆ ಊಟಕ್ಕೆ ಬಂದ ಬೀಗರ ಹಾಗೆ ಸಾವಕಾಶವಾಗಿ ಆರಿಸಿ ಆರಿಸಿ ತಿನ್ನುತ್ತಿರುತ್ತಿತ್ತು. ಪಕ್ಕದ ಮನೆಯ ಗಂಗಕ್ಕ, ಹತ್ತಿ ವ್ಯಾಪಾರದವರ ಮನೆಯಾಕೆ, ಕಂಪೌಂಡಿನ ಮೇಲಿಂದ ಮುಖ ಹಾಕಿ ದಿನಾ ಅದೇ ಮಾತು ಹೇಳುತ್ತಿದ್ದಳು:

“ಅಕ್ಕಾರ, ನಿಮ್ಮ ಯಜಮಾನ್ರು ದೇಶದ ಗಡಿ ಕಾಯ್ದ್ರು. ನಿಮಗ ಒಂದು ಗೇಟ್ ಕಾಯಾಕ ಆಗವಲ್ದೇನ್ರಿ?”

“ಗಂಗಕ್ಕಾ, ಇದಕ್ಕ ಇನ್ಫಿಲ್ಟ್ರೇಶನ್ ಅಂತಾರ. ದೊಡ್ಡ ದೊಡ್ಡ ಆರ್ಮಿಗೂ ತಡ್ಯಾಕ ಆಗಿಲ್ಲ,” ಎಂದು ನಾನೂ ಬಿಡುತ್ತಿರಲಿಲ್ಲ. 

ಮೇಲಿನ ಮನೆಯಲ್ಲಿರುವ ಮಗ ಒಂದು ಕ್ಯಾಮೆರಾ ಹಾಕಿಸೋಣ ಅನ್ನುತ್ತಿದ್ದ. ಹಾಕಿಸಿದರೆ ಅದೇ ಆಕಳನ್ನು ಟೀವಿಯಲ್ಲಿಯೂ ನೋಡಬಹುದಿತ್ತು.

ಇಂಥ ಸಣ್ಣ ವಿಷಯಕ್ಕೆ ಒಂದು ವರ್ಷವೇ ಎಂದು ನೀವು ಕೇಳಬಹುದು. ಸಿಪಾಯಿಗಳ ಮನೆಯಲ್ಲಿ ನಿರ್ಧಾರಗಳು ಗುಂಡು ಹಾರಿದ ಹಾಗೆ ಆಗುತ್ತವೆ ಎಂಬುದು ಹೊರಗಿನವರ ನಂಬಿಕೆ. ನಾನೂ ಮದುವೆಗೆ ಮುಂಚೆ ಹಾಗೇ ನಂಬಿದ್ದೆ. ನಮ್ಮ ಮನೆಯವರು ತರಕಾರಿ ಮಾರ್ಕೆಟ್ಟಿನಲ್ಲಿ ಬದನೆಕಾಯಿಯ ರಾಶಿಯ ಮುಂದೆ ನಿಂತಿದ್ದನ್ನು ನೋಡಿದ ಮೇಲೆ ಆ ನಂಬಿಕೆ ಹೋಯಿತು. ಒಂದು ಬದನೆಕಾಯಿ ಎತ್ತುವರು, ತಿರುಗಿಸುವರು, ಇಡುವರು. ಹಿಂದೆ ಸರಿದು ಇಡೀ ರಾಶಿಯನ್ನು ನೋಡುವರು. ಕಾಯಿ ಮಾರುವ ಹೆಂಗಸು, “ಯಪ್ಪಾ, ಎಣಗಾಯಿ ಮಾಡಾಕ ಒಯ್ಯತಿಯೋ, ಹೆಣ್ಣು ನೋಡಾಕ ಬಂದಿಯೋ?” ಎಂದು ಕೇಳಿದ್ದಳು. ಇವರು ಗಂಭೀರವಾಗಿ, “ಇನ್‌ಫರ್ಮೇಶನ್ ಸಾಲದವ್ವಾ,” ಎಂದಿದ್ದರು.

ಹೆಣ್ಣು ನೋಡುವಾಗ ಅವರು ಇಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು. ಅಪ್ಪ ರೈಲ್ವೆಯಲ್ಲಿದ್ದರು. ಇವರು ಧಾರವಾಡದ ಹತ್ತಿರದ ಅಮ್ಮಿನಬಾವಿಯ ಒಕ್ಕಲುತನದ ಮನೆಯ ಹುಡುಗ, ಆಗ ಕ್ಯಾಪ್ಟನ್. ನನಗೆ ಇಂಗ್ಲಿಷಿನ ಬಗ್ಗೆ ಸಿಸ್ಟರುಗಳು ತುಂಬಿದ ಜಂಬ ಬಹಳ ಇತ್ತು. ಆ ಜಂಬ ಇಳಿದದ್ದು ಮದುವೆಯಾದ ಹೊಸದರಲ್ಲಿ, ಕಂಟೋನ್ಮೆಂಟಿನ ಕ್ವಾರ್ಟರ್ಸಿನಲ್ಲಿ. ಒಂದು ಸಂಜೆ ಅವರು, “ನಿಮ್ಮೀ, ಇವತ್ತು ನಾನು ಒಂದು ಅಪ್ರಿಸಿಯೇಶನ್ ಬರೀಬೇಕು. ಡಿಸ್ಟರ್ಬ್ ಮಾಡಬ್ಯಾಡ,” ಎಂದರು. ಅಪ್ರಿಸಿಯೇಶನ್ ಎಂದರೆ ನನಗೆ ಗೊತ್ತಿದ್ದದ್ದು ಒಂದೇ ಅರ್ಥ: ಮೆಚ್ಚುಗೆ. ಹೊಸ ಹೆಂಡತಿಯ ಬಗ್ಗೆ ಗಂಡ ಬೇರೆ ಏನನ್ನು ಬರೆದಾನು? ನಾನು ಒಳಗೆ ಹೋಗಿ ಸೀರೆ ಬದಲಿಸಿ, ಮುಡಿಗೆ ಮಲ್ಲಿಗೆ ಇಟ್ಟುಕೊಂಡು ಬಂದೆ. ಅವರು ನೀರು ಕುಡಿಯಲು ಎದ್ದಾಗ ಹಾಳೆಯ ಮೇಲೆ ಕಣ್ಣಾಡಿಸಿದೆ. ‘ನೆಲ ಏರುತಗ್ಗಿನದು. ಹೊದಿಕೆ ಅತಿ ಕಡಿಮೆ. ಎಡಭಾಗ ದುರ್ಬಲ. ಮುಂದುವರಿಯಲು ಅನುಕೂಲಕರವಲ್ಲ.’

ಮಲ್ಲಿಗೆ ತೆಗೆದಿಟ್ಟು ಮಲಗಿಬಿಟ್ಟೆ. 

ಮರುದಿನ ಅವರಿಗೆ ವಿಷಯ ತಿಳಿದು, ನಗುವುದೋ ಹೆದರುವುದೋ ತಿಳಿಯದೆ, ಮೆಸ್ಸಿನ ಎಲ್ಲರೆದುರು ಹೇಳಿ ನಗುವುದನ್ನೇ ಆರಿಸಿಕೊಂಡರು. ಅಪ್ರಿಸಿಯೇಶನ್ ಎಂದರೆ ಸೈನ್ಯದಲ್ಲಿ ಲೆಕ್ಕಾಚಾರ: ನಮ್ಮ ಗುರಿ ಏನು, ನೆಲ ಎಂಥದು, ವೈರಿ ಎಲ್ಲಿ, ನಮ್ಮ ಮುಂದಿರುವ ದಾರಿಗಳು ಯಾವುವು, ಕೊನೆಗೆ ಯಾವುದನ್ನು ಹಿಡಿಯಬೇಕು. ಈ ದಾರಿಗಳಿಗೆ ಅವರು ಕೋರ್ಸಸ್ ಅನ್ನುತ್ತಿದ್ದರು. ನಾನು ಅದನ್ನೂ ಸ್ವಲ್ಪ ದಿನ ಸೂಪು, ಪುಡಿಂಗು ಎಂದೇ ತಿಳಿದಿದ್ದೆ. 

ರಜೆಗೆ ಅಮ್ಮಿನಬಾವಿಗೆ ಹೋದಾಗ ಅವರಿಗೆ ಯುದ್ಧದ ನೆಲ ಬಿಡಿಸಿ ತೋರಿಸಲು ಸಿಗುತ್ತಿದ್ದದ್ದು ಅಡುಗೆಮನೆಯ ಜೋಳದ ಹಿಟ್ಟು. ಪರಾತದಲ್ಲಿ ಹಿಟ್ಟನ್ನು ಗುಡ್ಡ ಮಾಡಿ, ಬೆರಳಿನಿಂದ ಹಳ್ಳ ಕೊರೆದು, ಬೆಳ್ಳುಳ್ಳಿ ಎಸಳನ್ನು ವೈರಿಯ ಠಾಣ್ಯವೆಂದು ಇಟ್ಟು ನನಗೆ ಪಾಠ ಹೇಳುತ್ತಿದ್ದರು. “ನೋಡು ನಿಮ್ಮೀ, ಕಮಾಂಡರಗ ಬೇಕಾದಷ್ಟು ಸುದ್ದಿ ಎಂದೂ ಸಿಗಂಗಿಲ್ಲ. ಅರ್ಧ ಸುದ್ದಿ, ಅದರಾಗ ಅರ್ಧ ಸುಳ್ಳು. ಅಷ್ಟರ ಮ್ಯಾಲೆ ಹೂಂ ಅಥವಾ ಊಹೂಂ ಅನಬೇಕು.” ಅಷ್ಟರಲ್ಲಿ ಅತ್ತೆ ಬಂದು, “ಹಿಟ್ಟಿನ್ಯಾಗ ಆಟಾ ಆಡೂ ವಯಸ್ಸೇನೋ ನಿಂದು? ಏಳು ಮ್ಯಾಲೆ,” ಎಂದು ಬಿಸಿನೀರು ಸುರಿದು ನಾದಿಬಿಟ್ಟರು. ಆ ಸಂಜೆ ನಾವು ವೈರಿಯ ಠಾಣ್ಯವನ್ನು ರೊಟ್ಟಿ ಬಡಿದು ತಿಂದೆವು. ಬೆಳ್ಳುಳ್ಳಿ ಚಟ್ನಿಗೆ ಹೋಯಿತು.

ಆ ಊರಿನ ಹೊರಗೆ, ಹೊಲಕ್ಕೆ ಹೋಗುವ ದಾರಿಯಲ್ಲಿ, ಒಂದು ವೀರಗಲ್ಲಿದೆ. ನೀವು ನಮ್ಮ ಕಡೆಯವರಾದರೆ ಇಂಥವನ್ನು ನೋಡಿರುತ್ತೀರಿ. ಕೆಳಗಿನ ಪಟ್ಟಿಯಲ್ಲಿ ವೀರ ಹೋರಾಡುತ್ತಿರುತ್ತಾನೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ಶಿಲ್ಪಿ ಎಲ್ಲವನ್ನೂ ಕೆತ್ತಿದ್ದಾನೆ, ಸೂರ್ಯ ಚಂದ್ರರನ್ನೂ ಬಿಟ್ಟಿಲ್ಲ. ಆದರೆ ಆ ವೀರನನ್ನು ‘ಹೋಗು’ ಎಂದು ಕಳಿಸಿದವನಿಗೆ ಎಲ್ಲಿಯೂ ಜಾಗವಿಲ್ಲ. ಕಳಿಸಿ, ಹಿಂದೆ ಒಂದು ಮರದ ಕೆಳಗೆ ಕೂತು, ದಾರಿ ನೋಡಿದ ದಂಡನಾಯಕನೊಬ್ಬ ಇದ್ದಿರಲೇಬೇಕಲ್ಲ? ಮನೆಯ ಬಾಗಿಲಲ್ಲಿ ನಿಂತವಳೊಬ್ಬಳು? ಕಾಯುವುದನ್ನು ಕಲ್ಲಿನಲ್ಲಿ ಕೆತ್ತುವುದು ಕಷ್ಟವಿರಬೇಕು. ನೋಡಲು ಅದರಲ್ಲಿ ಏನೂ ಇರುವುದಿಲ್ಲ.

ಈಗ ಆ ಪದಕ್ಕೆ ಬರುತ್ತೇನೆ. ಬರುತ್ತೇನೆ ಎಂಬುದೇ ಆ ಪದ.

ಮೊದಲ ಸಲ ಅಮ್ಮಿನಬಾವಿಯಿಂದ ಹೊರಟಾಗ ನಾನು ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ, ಬಹಳ ವಿನಯದಿಂದ, “ಅತ್ತೀ, ನಾ ಹೋಗತೇನ್ರಿ,” ಎಂದೆ. ಬೀಸುವ ಕಲ್ಲು ನಿಂತಿತು. ಅತ್ತೆ ನನ್ನನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿ, ನೀರು ಕುಡಿಸಿ, ಸಕ್ಕರೆ ಬಾಯಿಗೆ ಹಾಕಿ, ಮೊದಲಿಂದ ಹೊರಡಿಸಿದರು.

“ನಮ್ಮವ್ವಾ, ಹೋಗತೇನಿ ಅನಬಾರದು. ಬರತೇನಿ ಅನಬೇಕು.”

“ಆದರ ನಾ ಹೋಗಾಕತ್ತೇನಲ್ರಿ?”

“ಹೋಗು. ಆದರ ಬರತೇನಿ ಅಂತ ಹೇಳಿ ಹೋಗು. ಮನ್ಯಾಗ ಉಳದವ್ರು ‘ಹೂಂ, ಬರ್ರಿ’ ಅಂತಾರ. ಆಗ ಹೊಸ್ತಿಲಾ ದಾಟೂದು. ನಿಮ್ಮ ಇಂಗ್ರೇಜಿ ಸಾಲ್ಯಾಗ ಇಷ್ಟೂ ಕಲಸಿಲ್ಲೇನು?”

ಕಲಿಸಿರಲಿಲ್ಲ. ನಮ್ಮ ಸಿಸ್ಟರುಗಳ ಪ್ರಕಾರ ಹೋಗುವುದು ಗೋ, ಬರುವುದು ಕಮ್. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಕೆಂಪು ಶಾಯಿ. ಇಡೀ ಧಾರವಾಡ ಜಿಲ್ಲೆ ಹೋಗುವಾಗ ಬರುತ್ತೇನೆಂದು ಸುಳ್ಳು ಹೇಳುತ್ತದೆ, ಮನೆಯವರು ಅದಕ್ಕೆ ಹೂಂಗುಟ್ಟುತ್ತಾರೆ ಎಂದು ನನಗೆ ಅನ್ನಿಸಿತು. ಮುಂದೆ ಬರತೇನಿ ಅನ್ನುವುದನ್ನು ಅತ್ತೆಯ ಭಯಕ್ಕೆ ರೂಢಿ ಮಾಡಿಕೊಂಡೆ. ‘ಹೂಂ, ಬರ್ರಿ’ ಮಾತ್ರ ನನ್ನ ನಾಲಿಗೆಗೆ ಹತ್ತಲಿಲ್ಲ. ಯಾರಾದರೂ ಹೊರಟರೆ ನಾನು, “ಓಕೆ, ಟೇಕ್ ಕೇರ್,” ಎಂದು ಕೈ ಬೀಸುವವಳು.

ಸೈನ್ಯದಲ್ಲೂ ಇಂಥದೇ ಒಂದು ಶಿಸ್ತಿದೆ. ವೈರ್‌ಲೆಸ್ಸಿನಲ್ಲಿ ಮಾತು ಮುಗಿಸಿದವನು ‘ಓವರ್’ ಅನ್ನಬೇಕು. ನನ್ನ ಮಾತಾಯಿತು, ಈಗ ನೀನು ಹೇಳು, ನಾನು ಕೇಳುತ್ತಿದ್ದೇನೆ ಎಂದು ಅರ್ಥ. ಇನ್ನು ಮಾತೇ ಬೇಡ, ಉತ್ತರವೂ ಬೇಡ ಎಂದಾದರೆ ‘ಔಟ್’. ಟೀವಿಯಲ್ಲಿ ಯಾವನಾದರೂ ಹೀರೋ ಎರಡನ್ನೂ ಸೇರಿಸಿ ‘ಓವರ್ ಅಂಡ್ ಔಟ್’ ಅಂದರೆ ನಮ್ಮ ಮನೆಯವರು ರಿಮೋಟ್ ಬಡಿದು, “ಉತ್ತರಾ ಕೊಡು ಅಂತಾನೋ, ಕೊಡಬ್ಯಾಡ ಅಂತಾನೋ, ಮಂಗ್ಯಾ!” ಎಂದು ಎದ್ದು ಹೋಗುತ್ತಿದ್ದರು.

ಇಷ್ಟು ಸಿಟ್ಟಿಗೆ ಕಾರಣವಿತ್ತು. ಆ ಕಾರಣದ ಹೆಸರು ಇಮಾಮಸಾಬ.

ಇಮಾಮಸಾಬ ಇವರ ಕಂಪನಿಯಲ್ಲಿ ಹವಾಲ್ದಾರ. ನಮ್ಮ ಹುಬ್ಬಳ್ಳಿಯ ಗೋಪನಕೊಪ್ಪದವರು. ಇವರು ಮೇಜರ್ ಆಗಿದ್ದಾಗ, ಗಡಿಯ ಒಂದು ಬೆಟ್ಟದ ಮೇಲೆ, ಇಮಾಮಸಾಬರನ್ನೂ ಕೆಲವು ಹುಡುಗರನ್ನೂ ಕೆಳಗಿನ ಇಳಿಜಾರಿಗೆ ಕಳಿಸಿದರು. ವೈರಿ ಅಲ್ಲಿಯವರೆಗೆ ಬಂದಿದ್ದಾನೋ ಇಲ್ಲವೋ ನೋಡಿ ಬರಬೇಕು. ಹಿಂದೆ ನಮ್ಮ ತೋಪುಗಳು ಸಿದ್ಧವಾಗಿದ್ದವು. ಇವರು ಹೂಂ ಅಂದರೆ ಆ ಇಳಿಜಾರಿನ ಮೇಲೆ ಗುಂಡು ಬೀಳುತ್ತದೆ. ಮಧ್ಯಾಹ್ನವೇ ಮಂಜು ಕವಿಯಿತು. ಕೈ ಚಾಚಿದರೆ ಕೈ ಕಾಣದಷ್ಟು.

ವೈರ್‌ಲೆಸ್ಸಿನಲ್ಲಿ ಇವರು ಕನ್ನಡ ಮಾತಾಡುತ್ತಿದ್ದರು, ವೈರಿ ಕದ್ದು ಕೇಳಿದರೂ ತಿಳಿಯಬಾರದೆಂದು. ನಮ್ಮ ಕಡೆಯ ಕನ್ನಡ ಬೆಂಗಳೂರಿನವರಿಗೇ ಪೂರ್ತಿ ತಿಳಿಯುವುದಿಲ್ಲ, ಇನ್ನು ವೈರಿಯ ಪಾಡೇನು ಎಂದು ಇವರು ನಗುತ್ತಿದ್ದರು. ಮಂಜಿನೊಳಗಿಂದ ಇಮಾಮಸಾಬರ ದನಿ ಬಂತು: “ಸಾಹೇಬ್ರ, ಮಂದಿ ಭಾಳ ಅದಾರ್ರಿ. ನಾವಿನ್ನ ಬರತೇವ್ರಿ.”

ಅಷ್ಟೇ. ಓವರ್ ಇಲ್ಲ, ಔಟ್ ಇಲ್ಲ, ಸೆಟ್ ಸತ್ತಿತು.

ಈಗ ಹೇಳಿ. ಬರತೇವ್ರಿ ಅಂದರೇನು? ನೋಡಿದ್ದಾಯಿತು, ವಾಪಸ್ ಬರುತ್ತಿದ್ದೇವೆ ಎಂದೇ? ಹಾಗಾದರೆ ತೋಪು ಹಾರಿಸಿದರೆ ನಮ್ಮ ಹುಡುಗರ ತಲೆಯ ಮೇಲೇ ಬೀಳುತ್ತದೆ. ಅಥವಾ, ವೈರಿ ಬಹಳಿದ್ದಾರೆ, ನಾವು ಉಳಿಯುವುದಿಲ್ಲ, ಹೋಗುತ್ತೇವೆ, ನಮಗಾಗಿ ಕಾಯಬೇಡಿ ಎಂದೇ? ಹಾಗಾದರೆ ಕಾದಷ್ಟೂ ವೈರಿ ಮೇಲೆ ಹತ್ತುತ್ತಾನೆ. ಮೈಸೂರಿನ ಆಫೀಸರ್ ಇದ್ದಿದ್ದರೆ ಮೊದಲನೆಯ ಅರ್ಥ ಹಿಡಿದು ನಿಶ್ಚಿಂತೆಯಿಂದ ಇರುತ್ತಿದ್ದ. ಪಂಜಾಬಿನವನಾಗಿದ್ದರೆ ಏನೂ ತಿಳಿಯದೆ ಮೇಲಿನವರನ್ನು ಕೇಳುತ್ತಿದ್ದ. ಇವರು ಅಮ್ಮಿನಬಾವಿಯವರು. ಇವರಿಗೆ ಎರಡೂ ಅರ್ಥ ಗೊತ್ತಿತ್ತು. ಅದೇ ಕಷ್ಟ. ಹಿಂದಿನಿಂದ ಹೆಡ್‌ಕ್ವಾರ್ಟರ್ಸಿನವರು, ಇಳಿಜಾರಿನಲ್ಲಿ ನಿಮ್ಮವರು ಇದ್ದಾರೋ ಇಲ್ಲವೋ, ಹೂಂ ಅನ್ನುತ್ತೀರೋ ಇಲ್ಲವೋ ಎಂದು ಕೇಳುತ್ತಲೇ ಇದ್ದರು.

ಇವರು ಹೂಂ ಅನ್ನಲಿಲ್ಲ. ಕಾದರು.

ಸಂಜೆಯ ಹೊತ್ತಿಗೆ ಇಮಾಮಸಾಬ ಮಂಜಿನೊಳಗಿಂದ ತೆವಳಿಕೊಂಡು ಬಂದರು, ಒಬ್ಬ ಹುಡುಗನನ್ನು ಬೆನ್ನ ಮೇಲೆ ಹೊತ್ತು. ಅವರ ಬೆನ್ನಿಗೇ ಉಳಿದ ಹುಡುಗರೆಲ್ಲ ಬಂದರು. ಆದರೆ ಅಷ್ಟರಲ್ಲಿ ವೈರಿ ಮೇಲಿನ ಬಂಡೆಯನ್ನು ಹಿಡಿದಾಗಿತ್ತು. ಮರುದಿನ ಅದನ್ನು ಬಿಡಿಸುವಾಗ ಇವರ ಕಂಪನಿಯ ಇಬ್ಬರು ಹುಡುಗರು ಹೋದರು. ಕಾಯದಿದ್ದರೆ ಆ ಇಬ್ಬರು ಉಳಿಯುತ್ತಿದ್ದರೇ? ಉಳಿದರೆ ಇಮಾಮಸಾಬ ಹೋಗುತ್ತಿದ್ದರೇ? ಮೇಲಿನವರು ಬೈಯಲಿಲ್ಲ, ಹೊಗಳಲೂ ಇಲ್ಲ. ಇವರು ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದಾರೆ. ಆ ಇಬ್ಬರ ಹೆಸರನ್ನು ಕಥೆಯಲ್ಲಿ ಒಮ್ಮೆಯೂ ಹೇಳಲಿಲ್ಲ. ಬೆಳಿಗ್ಗೆ ಲಿಂಗಪೂಜೆಯಲ್ಲಿ, ವಿಭೂತಿ ಹಚ್ಚಿಕೊಂಡು ಕಣ್ಣು ಮುಚ್ಚಿದಾಗ, ತುಟಿಯಲ್ಲೇ ಹೇಳುತ್ತಿದ್ದರು. ಅಡುಗೆಮನೆಗೆ ಕೇಳುತ್ತಿತ್ತು.

ಆ ಸಲ ರಜೆಗೆ ಬಂದವರು ಹೊರಡುವಾಗ ಹೊಸ್ತಿಲಲ್ಲಿ ನಿಂತು, “ಯವ್ವಾ, ನಾ ಹೋಗತೇನಿ,” ಎಂದರು.

ಅತ್ತೆ ನನ್ನ ಕಡೆ ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ. ಕಾನ್ವೆಂಟಿನ ಸೊಸೆ ಮಗನನ್ನು ಕೆಡಿಸಿದಳು ಎಂಬ ನೋಟ. ಆದರೆ ಇದು ನನ್ನ ಪಾಠವಾಗಿರಲಿಲ್ಲ. ಅಲ್ಲಿಂದ ಮುಂದೆ ಅವರು ಎಂದೂ, ಎಲ್ಲಿಗೇ ಹೊರಡಲಿ, ಬರತೇನಿ ಅನ್ನಲಿಲ್ಲ. ವಾಕಿಂಗಿಗೆ ಹೊರಟರೆ, “ನಿಮ್ಮೀ, ಹೋಗತೇನಿ. ಕತ್ತಲಾಗೂದ್ರೊಳಗ ವಾಪಸ್.” ಬ್ಯಾಂಕಿಗೆ ಹೋದರೂ ಅಷ್ಟೇ ಸ್ಪಷ್ಟ. ಅತ್ತೆ ಕೊನೆಯವರೆಗೂ ಅದನ್ನು ಕೇಳಿಸಿಕೊಳ್ಳದ ಹಾಗೆ ನಟಿಸಿ, ಅವರ ಬೆನ್ನಿಗೆ ದೊಡ್ಡ ದನಿಯಲ್ಲಿ, “ಹೂಂ, ಬಾರಪ್ಪಾ,” ಎನ್ನುತ್ತಿದ್ದರು. 

ನಿವೃತ್ತಿಯಾಗಿ ನಾವು ಹುಬ್ಬಳ್ಳಿಗೆ ಬಂದ ಮೇಲೆ ಇಮಾಮಸಾಬ ವಾರಕ್ಕೊಮ್ಮೆ ಬರುತ್ತಿದ್ದರು. ಗೋಪನಕೊಪ್ಪದಲ್ಲಿ ಅವರದೊಂದು ಸ್ಕೂಟರ್ ಗ್ಯಾರೇಜು. ಬರುವಾಗ ಚುರುಮುರಿಯ ಗಿರ್ಮಿಟ್ ಕಟ್ಟಿಸಿಕೊಂಡು ಬರುವರು. ಪಡಸಾಲೆಯಲ್ಲಿ ಕೂತು ಇವರು ಅವತ್ತು ತಾವು ಕಾದದ್ದು ಯಾಕೆಂಬುದನ್ನು ಮತ್ತೆ ಮತ್ತೆ ವಿವರಿಸುವರು: ಮಂಜು ಯಾವ ಕಡೆಯಿಂದ ಏರುತ್ತಿತ್ತು, ಗಾಳಿ ಹೇಗಿತ್ತು, ಇಮಾಮಸಾಬನ ಸ್ವಭಾವ ಎಂಥದು, ಹಾಗಾಗಿ ಇಷ್ಟೆಲ್ಲ ತೂಗಿ ನೋಡಿ ನಾನು ಆ ನಿರ್ಧಾರಕ್ಕೆ ಬಂದೆ ಎಂದು. ಇಮಾಮಸಾಬ ಗಿರ್ಮಿಟ್ ತಿನ್ನುತ್ತ ತಲೆಯಾಡಿಸುವರು. ಎದ್ದು ಹೊರಟಾಗ ಬೇಕೆಂದೇ, “ಬರತೇನ್ರಿ ಸಾಹೇಬ್ರ,” ಎನ್ನುವರು.

“ಲೇ ಇಮಾಮಾ, ಹೋಗಾಕತ್ತಿಯೋ ಬರಾಕತ್ತಿಯೋ? ಖುಲ್ಲಾ ಹೇಳೋ!”

“ನೀವ ತಿಳಕೋರಿ. ಅಷ್ಟ ಕಲತೀರಿ.”

ಗೇಟಿನವರೆಗೂ ಇಬ್ಬರದೂ ನಗು. ಈ ನಗು ಕೇಳಿ ನನಗೆ ಸಣ್ಣ ಹೊಟ್ಟೆಕಿಚ್ಚೂ ಆಗುತ್ತಿತ್ತು. ನನ್ನ ಜೊತೆ ಅವರು ಇಂಗ್ಲಿಷಿನಲ್ಲಿ ನಗುತ್ತಿದ್ದರು. ಅದು ಹೊಟ್ಟೆಯಿಂದ ಬರುತ್ತಿರಲಿಲ್ಲ.

ಹೋದ ವರ್ಷ ಅವರ ಹೃದಯ ತಕರಾರು ಮಾಡಿತು. ಆಪರೇಷನ್ ಮಾಡಿದರೆ ಈ ವಯಸ್ಸಿಗೆ ಅಪಾಯ, ಮಾಡದಿದ್ದರೂ ಅಪಾಯ ಎಂದು ಡಾಕ್ಟರು ಬಿಚ್ಚಿ ಹೇಳಿದರು. ಇವರು ಊಟದ ಟೇಬಲ್ಲಿನ ಮೇಲೆ ಉಪ್ಪಿನ ಡಬ್ಬಿ, ಚಟ್ನಿಪುಡಿಯ ಡಬ್ಬಿ ಇಟ್ಟು ಕೊನೆಯ ಅಪ್ರಿಸಿಯೇಶನ್ ಮಾಡಿದರು. “ಎರಡ ಕೋರ್ಸ್ ಅದಾವ ನಿಮ್ಮೀ. ಕೂತು ಕಾಯೂದು ಒಂದು. ಅದನ್ನ ಒಮ್ಮೆ ಮಾಡೇನಿ. ಈ ಸಲ ಮುಂದ ಹೋಗೂಣು.” ಚಟ್ನಿಪುಡಿಯನ್ನು ಮುಂದೆ ಸರಿಸಿದರು.

ಆಪರೇಷನ್ ಥಿಯೇಟರಿನ ಬಾಗಿಲು. ಸ್ಟ್ರೆಚರ್ ಒಂದು ಕ್ಷಣ ನಿಂತಿತು. ನಾನು ಅವರ ಹೊದಿಕೆ ಸರಿಮಾಡಿದೆ. ಅವರು ಹೋಗತೇನಿ, ಮಧ್ಯಾಹ್ನದೊಳಗ ವಾಪಸ್ ಎಂದು ಏನಾದರೂ ಹೇಳುತ್ತಾರೆಂದು ಕಾದೆ. ಅವರು ನನ್ನನ್ನೇ ನೋಡಿ, ಮೆಲ್ಲಗೆ, “ಬರತೇನಿ,” ಎಂದರು.

ಅಷ್ಟು ವರ್ಷ ಬಿಟ್ಟಿದ್ದ ಮಾತು. ವಾಪಸ್ ಬರುತ್ತೇನೆ ಎಂದರೇ? ಅಥವಾ ಅವ್ವನ ಮಗನಾಗಿ, ಹೊಸ್ತಿಲಲ್ಲಿ ನಿಂತು, ಹೊರಡುತ್ತಿದ್ದೇನೆ ಎಂದರೇ? ಅವರ ಮುಖ ನೋಡಿದೆ, ದನಿ ನೆನೆದೆ, ಎರಡೂ ಅರ್ಥಗಳನ್ನು ತೂಗಿದೆ. ಅಂದರೆ ನಾನು ಅಪ್ರಿಸಿಯೇಶನ್ ಮಾಡುತ್ತ ನಿಂತೆ. ಅಷ್ಟರಲ್ಲಿ ಬಾಗಿಲು ಮುಚ್ಚಿತು.

ಅವರು ಮತ್ತೆ ಕಣ್ಣು ತೆರೆಯಲಿಲ್ಲ.

ಚಿಲಕದ ವಿಷಯ ಈಗ ನಿಮಗೆ ತಿಳಿದಿರಬೇಕು. ವಾಕಿಂಗಿಗೆ ಹೋದಾಗ ಅವರಿಗಾಗಿ ಗೇಟು ತೆರೆದೇ ಇರುತ್ತಿತ್ತು. ಬಂದು ಅವರೇ ಹಾಕುವರು. ಅವರ ಕೊನೆಯ ಮಾತಿನ ಅರ್ಥ ಇತ್ಯರ್ಥವಾಗುವವರೆಗೆ ಚಿಲಕ ಹೇಗೆ ಹಾಕಲಿ? ಬುದ್ಧಿಗೆ ಎಲ್ಲ ಗೊತ್ತು. ಅಂತ್ಯಕ್ರಿಯೆಗೆ ನಾನೇ ಹೋಗಿದ್ದೇನೆ, ಮಣ್ಣು ಹಾಕಿದ್ದೇನೆ. ಆದರೂ ಸಂಜೆ ಆ ಚಿಲಕಕ್ಕೆ ಕೈ ಹಾಕಿದರೆ ಇಳಿಜಾರಿನ ಮೇಲೆ ತೋಪು ಹಾರಿಸಲು ಹೂಂ ಅಂದ ಹಾಗೆ ಆಗುತ್ತಿತ್ತು. ಮಂಜಿನಲ್ಲಿ ಇನ್ನೂ ಯಾರೋ ಇದ್ದರೆ?

ಮೊನ್ನೆ ಸಂಜೆ ಇಮಾಮಸಾಬ ಬಂದರು. ಈಗ ಬರುವುದು ಕಡಿಮೆ. ಮೊಣಕಾಲು ನೋವು, ಗ್ಯಾರೇಜು ಮಗನ ಕೈಯಲ್ಲಿದೆ. ಗಿರ್ಮಿಟ್ ಮಾತ್ರ ಮರೆತಿರಲಿಲ್ಲ. ಅವರು ಚಹಾ ಬಸಿಗೆ ಸುರಿದುಕೊಳ್ಳುವಾಗ ನಾನು ಕೇಳಿಯೇಬಿಟ್ಟೆ. 

“ಇಮಾಮಸಾಬ್ರ, ಖರೇ ಹೇಳ್ರಿ. ಅವತ್ತು ಗುಡ್ಡದಾಗ ಬರತೇವಿ ಅಂದ್ರಲ್ಲ, ಯಾವ ಅರ್ಥದಾಗ ಅಂದ್ರಿ?”

“ಯಾವ ಅರ್ಥ ಏನ್ರಿ ಬಾಯಾರ?” ಅವರು ನಕ್ಕರು. ನಾನು ನಗಲಿಲ್ಲವೆಂದು ನೋಡಿ ಬಸಿ ಕೆಳಗಿಟ್ಟರು. “ಮುಗದಿತ್ರಿ ನಮ್ಮ ಆಟ. ಸುತ್ತಲೂ ಬಂದಿದ್ರು. ಹೊಂಟ ನಿಂತಿದ್ದಿವಿ. ಹೇಳದ ಹೋಗಬಾರದಲ್ರಿ? ಅದಕ್ಕ ಅಂದೆ.”

“ಅಂದ್ರ ಹೋಗತೇವಿ ಅಂತ! ಮತ್ತ ಹೆಂಗ ವಾಪಸ್ ಬಂದ್ರಿ?”

“ಸಾಹೇಬ್ರು ಬರ್ರಿ ಅಂದ್ರಲ್ರಿ!”

“ಯಾವಾಗ? ಸೆಟ್ ಸತ್ತಿತ್ತಲ್ಲ?”

“ಆಮ್ಯಾಲೆ ಸತ್ತೈತಿ. ನಾ ಬರತೇವ್ರಿ ಅಂದ ಕೂಡ್ಲೇ ಆಕಡಿಂದ ಸಾಹೇಬ್ರು, ‘ಹೂಂ, ಬರ್ರಿ,’ ಅಂದ್ರು. ಮನಿ ಬಾಗಲ್ದಾಗ ನಿಂತು ಅಂದಂಗ. ಅವ್ರಿಗೆ ಖಬರೂ ಇರಲಿಲ್ಲ ಅನಸ್ತೈತ್ರಿ, ಬಾಯಾಗ ಹಂಗ ಬಂದ್ಬಿಡ್ತು. ನಾನು ಹುಡುಗ್ರಿಗಿ ಅಂದೆ, ಸಾಹೇಬ್ರು ಬರ್ರಿ ಅಂದಾರ, ನಡೀರ್ಲೇ. ತೆವಳಕೋತ ಬಂದಿವಿ.”

ಮಂಜು, ಗಾಳಿ, ಸ್ವಭಾವ, ತೂಕ! ಇಷ್ಟು ವರ್ಷ ಕೇಳಿದ ಅಪ್ರಿಸಿಯೇಶನ್ ಎಲ್ಲ ಆಮೇಲೆ ಬಂದದ್ದು. ನಿರ್ಧಾರ ಅದಕ್ಕೂ ಮೊದಲೇ ಬಾಯಿಂದ ಜಾರಿಬಿಟ್ಟಿತ್ತು, ಅಮ್ಮಿನಬಾವಿಯ ಹೊಸ್ತಿಲಿನಿಂದ. ಬರ್ರಿ ಎಂದು ಹೇಳಿ ಆಮೇಲೆ ತೋಪು ಹಾರಿಸುವುದು ಹೇಗೆ? ಅದಕ್ಕೇ ಕಾದರು.

“ಇದನ್ನ ಅವರು ನನಗ ಒಮ್ಮೆಯೂ ಹೇಳಲಿಲ್ಲ,” ಎಂದೆ.

“ಹೆಂಗ ಹೇಳತಾರ್ರಿ? ಅಷ್ಟ ದೊಡ್ಡ ದೊಡ್ಡ ಕೋರ್ಸ್ ಮಾಡಿ ಬಂದವ್ರು. ಅವ್ವ ಕಲಿಸಿದ ಮಾತಿನ ಮ್ಯಾಲೆ ಕಂಪನಿ ನಡಿಸಿದೆ ಅಂತ ಹೇಳಾಕ ನಾಚಿಕಿ ಬರೂದಿಲ್ಲೇನ್ರಿ?” ಗಿರ್ಮಿಟ್ಟಿನೊಳಗಿನ ಮೆಣಸಿನಕಾಯಿಯನ್ನು ಬದಿಗೆ ಸರಿಸಿದರು. “ನಾನೂ ಬಾಯಿ ಬಿಡಲಿಲ್ಲ. ಸಾಹೇಬ್ರು ಅಷ್ಟ ಛಂದ ಹೇಳತಿದ್ರು, ಯಾಕ ಕೆಡಿಸೂದು ಅಂತ.”

ಆಗ ನಾನು ಥಿಯೇಟರಿನ ಬಾಗಿಲಿನ ಮಾತು ಹೇಳಿದೆ. ಅವರು ಬರತೇನಿ ಅಂದದ್ದು, ನಾನು ಬರ್ರಿ ಅನ್ನದೆ ನಿಂತದ್ದು. “ನಾನೂ ಬರ್ರಿ ಅಂದಿದ್ರ...” ಎಂದು ಅರ್ಧಕ್ಕೇ ಬಿಟ್ಟೆ.

ಇಮಾಮಸಾಬ ಗೇಟಿನ ಕಡೆ ನೋಡಿದರು.

“ಬಾಯಾರ, ಮರುದಿನ ಆ ಇಬ್ಬರು ಹುಡುಗ್ರು ಬಂಡೆಗಲ್ಲಿನ ಕಡೆ ಹೊಂಟ್ರಲ್ಲ, ಅವ್ರೂ ಬರತೇವ್ರಿ ಅಂದಿದ್ರು. ಅವ್ರಿಗೂ ಸಾಹೇಬ್ರು ಬರ್ರಿ ಅಂದಿದ್ರು. ನಾ ಬಾಜೂಕ ನಿಂತಿದ್ದೆ.” ಅವರ ದನಿ ಸ್ವಲ್ಪ ಇಳಿಯಿತು. “ಬರ್ರಿ ಅಂದ್ರೂ ಎಲ್ಲಾರೂ ಬರೂದಿಲ್ರಿ. ನಿಮ್ಮ ಸಲುವಾಗಿ ಬಾಗಲಾ ತೆರದೈತಿ ಅಂತ ಹೇಳೂದು, ಅಷ್ಟ. ಅದು ಆಗ ಹೇಳಿದ್ರೂ ಆತು, ಈಗ ಹೇಳಿದ್ರೂ ಆತು.”

ಅವರು ಎದ್ದರು. ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ಗೇಟಿನ ಹತ್ತಿರ ನಿಂತು, “ಬರತೇನ್ರಿ ಬಾಯಾರ,” ಎಂದರು.

“ಹೂಂ, ಬರ್ರಿ,” ಎಂದೆ. ಕಾನ್ವೆಂಟಿನ ನಾಲಿಗೆ ಒಂದಿಷ್ಟು ತೊಡರಿತು. ಆದರೂ ಬಂತು.

ಅವರು ಸ್ಕೂಟರ್ ಏರಿದರು. ಓಣಿಯ ತುದಿಯಲ್ಲಿ ಬಿಸಿಲು ಕರಗುತ್ತಿತ್ತು. ನಮ್ಮ ಮನೆಯವರು ವಾಕಿಂಗಿನಿಂದ ತಿರುಗಿ ಬರುತ್ತಿದ್ದ ಹೊತ್ತು; ಆ ತಿರುವಿನಲ್ಲಿ ಮೊದಲು ಕೋಲು ಕಾಣುತ್ತಿತ್ತು, ಆಮೇಲೆ ಕ್ಯಾಪು. ನಾನು ಆ ತಿರುವಿನ ಕಡೆ ನೋಡಿ ಮತ್ತೆ ಹೇಳಿದೆ:

“ಹೂಂ, ಬರ್ರಿ.”

ಸ್ಕೂಟರ್ ಚಾಲೂ ಮಾಡಿ ಹೊರಡಲಿದ್ದ ಇಮಾಮಸಾಬ ಹೊರಳಿ ನೋಡಿದರು. “ಒಮ್ಮೆ ಅಂದ್ರಲ್ರಿ ಬಾಯಾರ?”

“ಇದು ನಿಮಗಲ್ರಿ.”

“ಹಾಂ ಹಾಂ,” ಎಂದು ಅವರು ತಲೆ ಬಗ್ಗಿಸಿ, ಆಗಲೇ ಚಾಲೂ ಆಗಿದ್ದ ಸ್ಕೂಟರಿಗೆ ಸುಮ್ಮನೆ ಇನ್ನೊಂದು ಕಿಕ್ ಹೊಡೆದರು.

ಅವರು ಹೋದ ಮೇಲೆ ನಾನು ಗೇಟು ಎಳೆದು ಚಿಲಕ ಹಾಕಿದೆ. ಒಂದು ವರ್ಷದ ತುಕ್ಕು, ಕಿರ್ರೆಂದಿತು. ಕಂಪೌಂಡಿನ ಮೇಲಿಂದ ಗಂಗಕ್ಕನ ಮುಖ ಎದ್ದು, ಏನೋ ಹೇಳಲು ಬಾಯಿ ತೆರೆದು, ಏನೂ ಹೇಳದೆ ಇಳಿಯಿತು. ಗಂಗಕ್ಕನಿಗೂ ಮಾತು ನಿಲ್ಲುವುದುಂಟು ಎಂದು ನನಗೆ ಆಗ ತಿಳಿಯಿತು.

ಮರುದಿನ ಬೆಳಿಗ್ಗೆ ಆಕಳು ಬಂತು. ಗೇಟಿನ ಹೊರಗೆ ನಿಂತು ಮೂತಿ ಒತ್ತಿ ನೋಡಿತು, ದಾಸವಾಳ ನೋಡಿತು, ನನ್ನನ್ನು ನೋಡಿತು. ಆಮೇಲೆ ಒಂದು ಮಾತೂ ಇಲ್ಲದೆ ತಿರುಗಿ ಹೋಯಿತು. ನಮ್ಮ ಕಡೆಯ ಆಕಳಲ್ಲ ಅನ್ನಿಸುತ್ತದೆ.

ಚಿಲಕ ಹಾಕಿದ್ದೇನೆ, ಬೀಗ ಹಾಕಿಲ್ಲ. ನಮ್ಮ ಗೇಟಿನ ಚಿಲಕಕ್ಕೆ ಹೊರಗಿನಿಂದ ಮೇಲೆ ಕೈ ಹಾಕಿದರೆ ಸಿಗುತ್ತದೆ, ಸ್ವಲ್ಪ ಎತ್ತರದವರಾಗಿರಬೇಕು ಅಷ್ಟೇ. ನಮ್ಮ ಮನೆಯವರು ಎತ್ತರ.